ಹಗೆಯವನ ಕತ್ತೆ, ತಾರಸಿಯ ಕಟ್ಟೆ: ಯೆಹೂದಿಗಳ ವಾರದ ಓದು ಬದುಕಿಗೆ ಇಳಿಯುವ ಬಗೆ

ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಅಡಿಯಲ್ಲಿ ಕುಸಿದು ಬಿದ್ದಿದೆ. ಕಂಡೂ ಕಾಣದವನಂತೆ ಹೋಗಿಬಿಡೋಣ ಎಂದು ನಿನಗೆ ಅನಿಸುತ್ತದೆ. ಹಾಗೆ ಹೋಗಬೇಡ, ಅವನ ಜೊತೆ ಸೇರಿ ಹೊರೆ ಇಳಿಸು.

ವಿಮೋಚನಕಾಂಡದ 23ನೇ ಅಧ್ಯಾಯದಲ್ಲಿರುವ ಒಂದು ಆಜ್ಞೆಯ ಸಾರ ಇದು. ಅದರ ಹಿಂದೆ ಮುಂದೆ ಇರುವುದೆಲ್ಲ ಸಾಲ, ಅಡವು, ಕಳವು, ಹಾಯುವ ಎತ್ತು, ಸುಳ್ಳು ಸಾಕ್ಷಿಯಂಥ ವ್ಯವಹಾರದ ಮಾತು. ಭಕ್ತಿಯನ್ನು ಉಕ್ಕಿಸುವಂಥದ್ದು ಮೇಲ್ನೋಟಕ್ಕೆ ಏನೂ ಇಲ್ಲ. ಆದರೂ ಪ್ರತಿ ವರ್ಷ ಚಳಿಗಾಲ ಕಳೆಯುತ್ತಾ ಬಂದ ಒಂದು ಶನಿವಾರ ಬೆಳಿಗ್ಗೆ, ಜೆರುಸಲೇಮ್‌ನಿಂದ ನ್ಯೂಯಾರ್ಕ್‌ವರೆಗೆ, ಮುಂಬೈಯ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಗಳಲ್ಲೂ, ಈ ಭಾಗವನ್ನು ಗಟ್ಟಿಯಾಗಿ ಓದುತ್ತಾರೆ. ಓದಿ ಸುಮ್ಮನಾಗುವುದಿಲ್ಲ. ಊಟದ ಮೇಜಿನ ಸುತ್ತ ಕೂತು ಅದರ ಬಗ್ಗೆ ವಾದ ಮಾಡುತ್ತಾರೆ. ಕತ್ತೆ ಇಲ್ಲದ ಕಾಲದಲ್ಲಿ, ಕತ್ತೆಯೇ ಇಲ್ಲದ ಊರಿನಲ್ಲಿ ಈ ವಾದ ಯಾಕೆ ಬೇಕು ಎಂದು ಕೇಳಬಹುದು. ಅದನ್ನು ತಿಳಿಯಲು ಮೊದಲು ಕತ್ತೆಯ ಜೊತೆಯೇ ಸ್ವಲ್ಪ ಹೊತ್ತು ಕಳೆಯಬೇಕು.

ಕತ್ತೆಯ ಯಜಮಾನ ಪಕ್ಕದಲ್ಲಿ ಕೈಕಟ್ಟಿ ಕೂತು, "ಆಜ್ಞೆ ಇರುವುದು ನಿನಗೆ, ನೀನೇ ಇಳಿಸು" ಎಂದರೆ? ಸುಮಾರು 1,800 ವರ್ಷಗಳ ಹಿಂದೆ ಸಂಕಲಿತವಾದ ಮಿಶ್ನಾ ಎಂಬ ಧರ್ಮಸಂಹಿತೆ ಈ ಪ್ರಶ್ನೆಯನ್ನು ಎತ್ತುತ್ತದೆ. ಹಾಗೆ ಕೂತವನಿಗೆ ನೀನು ಸಹಾಯ ಮಾಡಬೇಕಾಗಿಲ್ಲ, ಯಾಕೆಂದರೆ ಆಜ್ಞೆ ಇರುವುದು "ಅವನ ಜೊತೆ" ಎಂದು. ಯಜಮಾನ ಮುದುಕನೋ ರೋಗಿಯೋ ಆಗಿದ್ದರೆ ಮಾತ್ರ ನೀನೊಬ್ಬನೇ ಇಳಿಸಬೇಕು. ಮಿಶ್ನಾದ ಮೇಲೆ ಬೆಳೆದ ಟಾಲ್ಮುಡ್ ಇನ್ನೂ ಒಂದು ಸಿಕ್ಕು ತರುತ್ತದೆ. ದಾರಿಯ ಈ ಬದಿಯಲ್ಲಿ ನಿನ್ನ ಗೆಳೆಯನ ಕತ್ತೆ ಹೊರೆಯಡಿ ಬಿದ್ದಿದೆ. ಆ ಬದಿಯಲ್ಲಿ ನಿನ್ನ ವೈರಿ ತನ್ನ ಕತ್ತೆಗೆ ಹೊರೆ ಏರಿಸಲಾರದೆ ಒದ್ದಾಡುತ್ತಿದ್ದಾನೆ. ಮೊದಲು ಎಲ್ಲಿಗೆ ಹೋಗಬೇಕು? ಸಾಮಾನ್ಯವಾಗಿ ಇಳಿಸುವುದಕ್ಕೇ ಆದ್ಯತೆ, ಯಾಕೆಂದರೆ ಹೊರೆಯಡಿ ಸಿಕ್ಕ ಮೂಕಪ್ರಾಣಿ ನರಳುತ್ತಿದೆ. ಇಲ್ಲಿ ಮಾತ್ರ ಟಾಲ್ಮುಡ್ ವೈರಿಯ ಕಡೆಗೆ ಹೋಗು ಎನ್ನುತ್ತದೆ. ಅದಕ್ಕೆ ಕೊಡುವ ಕಾರಣ, ನಿನ್ನೊಳಗಿನ ಕೆಟ್ಟ ಸೆಳೆತವನ್ನು ಬಗ್ಗಿಸುವುದು.

ತನ್ಹೂಮಾ ಎಂಬ ಹಳೆಯ ವ್ಯಾಖ್ಯಾನ ಇದಕ್ಕೊಂದು ಕತೆ ಜೋಡಿಸಿದೆ. ಇಬ್ಬರು ಕತ್ತೆ ಹೊಡೆಯುವವರು; ಒಬ್ಬನನ್ನು ಕಂಡರೆ ಇನ್ನೊಬ್ಬನಿಗಾಗದು. ದಾರಿಯಲ್ಲಿ ಒಬ್ಬನ ಕತ್ತೆ ಬಿತ್ತು. ಇನ್ನೊಬ್ಬ ನೋಡಿಯೂ ದಾಟಿ ಹೋದ. ಸ್ವಲ್ಪ ದೂರ ಹೋದ ಮೇಲೆ ಈ ಆಜ್ಞೆ ನೆನಪಾಗಿ ತಿರುಗಿ ಬಂದ. "ಈ ಕಡೆ ಸಡಿಲ ಮಾಡು, ಆ ಕಡೆ ಎತ್ತು" ಎನ್ನುತ್ತಾ ಇಬ್ಬರೂ ಹೊರೆಗೆ ಕೈ ಹಾಕಿದರು. ಮಾತಿಗೆ ಮಾತು ಸೇರಿತು. ಇವನು ನನ್ನ ಹಗೆ ಎಂದುಕೊಂಡಿದ್ದೆನಲ್ಲ, ನನ್ನ ಮೇಲೆ ಎಷ್ಟು ಕನಿಕರ ತೋರಿಸಿದ ಎಂದು ಬಿದ್ದ ಕತ್ತೆಯವನಿಗೆ ಅನಿಸಿತು. ಇಬ್ಬರೂ ಛತ್ರಕ್ಕೆ ಹೋಗಿ ಒಟ್ಟಿಗೆ ಉಂಡರು.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಅನುಕ್ರಮ. ವೈರಿಯನ್ನು ಪ್ರೀತಿಸಲು ಕಲಿ, ಆಮೇಲೆ ಸಹಾಯ ಮಾಡು ಎಂದು ಎಲ್ಲೂ ಹೇಳಿಲ್ಲ. ಮನಸ್ಸು ಬದಲಾಗುವವರೆಗೆ ಕಾಯುವ ಪುರುಸೊತ್ತು ಕತ್ತೆಗಿಲ್ಲ. ಮೊದಲು ಕೈ ಹೊರೆಗೆ ಬೀಳಬೇಕು. ಮನಸ್ಸು ಬಂದರೆ ಹಿಂದಿನಿಂದ ಬರಲಿ. ಯೆಹೂದಿ ಸಂಪ್ರದಾಯದಲ್ಲಿ ವಾರದ ಓದು ದಿನದ ಬದುಕಿಗೆ ಇಳಿಯುವುದು ಬಹುಪಾಲು ಹೀಗೆಯೇ. ಅಲ್ಲಿ ಪಾಠ ಎಂದರೆ ಒಂದು ಸಣ್ಣ ಕೆಲಸ, ಇಂತಿಂಥ ಸಂದರ್ಭದಲ್ಲಿ ಮಾಡಲೇಬೇಕಾದ ಕೆಲಸ.

ವರ್ಷವಿಡೀ ಹರಿಯುವ ಓದು

ತೋರಾ ಎಂದರೆ ಬೈಬಲ್‌ನ ಮೊದಲ ಐದು ಪುಸ್ತಕಗಳು. ಕನ್ನಡ ಬೈಬಲ್‌ನಲ್ಲಿ ಅವನ್ನು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎನ್ನುತ್ತಾರೆ. ಇವನ್ನು 54 ಭಾಗ ಮಾಡಿ, ವಾರಕ್ಕೊಂದರಂತೆ ಓದಿ ವರ್ಷಕ್ಕೊಮ್ಮೆ ಮುಗಿಸುತ್ತಾರೆ. ಒಂದೊಂದು ಭಾಗಕ್ಕೂ ಪರಾಶಾ ಎಂದು ಹೆಸರು. ಕತ್ತೆಯ ಮಾತು ಬರುವುದು ಮಿಶ್ಪಾಟೀಮ್ ಎಂಬ ಪರಾಶಾದಲ್ಲಿ. ಪ್ರಾಚೀನ ಕಾಲದಲ್ಲಿ ಇಸ್ರಾಯೇಲ್ ನಾಡಿನವರು ಸುಮಾರು ಮೂರು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತಿದ್ದರು, ಬ್ಯಾಬಿಲೋನಿನವರು ಒಂದೇ ವರ್ಷಕ್ಕೆ. ಕೊನೆಗೆ ಉಳಿದು ಹರಡಿದ್ದು ಬ್ಯಾಬಿಲೋನಿನ ಪದ್ಧತಿ.

ಯೆಹೂದಿ ಪಂಚಾಂಗದ ತಿಂಗಳುಗಳು ಚಂದ್ರನನ್ನು ಹಿಡಿದು ನಡೆಯುತ್ತವೆ, ಹಬ್ಬಗಳು ಮಾತ್ರ ಋತು ತಪ್ಪುವಂತಿಲ್ಲ. ಪಸ್ಕ ವಸಂತದಲ್ಲೇ ಬರಬೇಕೆಂದು ತೋರಾ ಹೇಳುತ್ತದೆ. ಹಾಗಾಗಿ 19 ವರ್ಷಗಳಲ್ಲಿ ಏಳು ಸಲ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ನಮ್ಮ ಅಧಿಕಮಾಸದ ಹಿಂದಿರುವ ಲೆಕ್ಕವೂ ಇದೇ. ಅಧಿಕ ತಿಂಗಳಿಲ್ಲದ ವರ್ಷದಲ್ಲಿ ವಾರಗಳು ಸಾಲದೆ ಹೋದಾಗ ಕೆಲವು ಪರಾಶಾಗಳನ್ನು ಜೋಡಿ ಮಾಡಿ ಒಂದೇ ಶನಿವಾರ ಓದುತ್ತಾರೆ.

ಓದುವುದು ಅಚ್ಚಾದ ಪುಸ್ತಕದಿಂದಲ್ಲ. ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಸುರುಳಿಯಿಂದ. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ವಿರಾಮ ಚಿಹ್ನೆಗಳಿಲ್ಲ, ರಾಗದ ಗುರುತಿಲ್ಲ. ಎಲ್ಲವನ್ನೂ ಮೊದಲೇ ಕಲಿತು ಬಂದಿರಬೇಕು. ಓದುವವನು ಅರ್ಥ ಕೆಡುವಂತೆ ತಪ್ಪಿದರೆ ಪಕ್ಕದಲ್ಲಿ ನಿಂತವರು ಗಟ್ಟಿಯಾಗಿ ತಿದ್ದುತ್ತಾರೆ, ಅವನು ಹಿಂದೆ ಹೋಗಿ ಮತ್ತೆ ಓದಬೇಕು. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಶನಿವಾರ ಬೆಳಿಗ್ಗೆಯ ಓದನ್ನು ಏಳು ತುಂಡು ಮಾಡಿ ಒಂದೊಂದಕ್ಕೂ ಒಬ್ಬೊಬ್ಬರನ್ನು ಕರೆಯುತ್ತಾರೆ. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ಗಂಡಸರನ್ನು, ಸುಧಾರಣಾ ಪಂಥಗಳಲ್ಲಿ ಹೆಂಗಸರನ್ನೂ. ಹದಿಮೂರು ತುಂಬಿದ ಹುಡುಗ ಮೊದಲ ಸಲ ಸುರುಳಿಯ ಮುಂದೆ ನಿಲ್ಲುವುದು ಈ ಸರದಿಯಲ್ಲೇ. ಅವನ ಹುಟ್ಟುಹಬ್ಬದ ವಾರಕ್ಕೆ ಯಾವ ಪರಾಶಾ ಬೀಳುತ್ತದೋ ಅದು ಬದುಕಿಡೀ "ನನ್ನ ಪರಾಶಾ" ಆಗಿ ಉಳಿಯುತ್ತದೆ.

ಸೋಮವಾರ ಮತ್ತು ಗುರುವಾರ ಬೆಳಿಗ್ಗೆಯೂ ಮುಂದಿನ ಪರಾಶಾದ ಆರಂಭವನ್ನು ಚಿಕ್ಕದಾಗಿ ಓದುತ್ತಾರೆ. ಮೂರು ದಿನ ಒಟ್ಟಿಗೆ ತೋರಾ ಇಲ್ಲದೆ ಕಳೆಯಬಾರದು ಎಂಬುದು ಟಾಲ್ಮುಡ್ ಕೊಡುವ ಕಾರಣ. ಇದಲ್ಲದೆ ಪ್ರತಿಯೊಬ್ಬನೂ ಆ ವಾರದ ಭಾಗವನ್ನು ಮನೆಯಲ್ಲಿ ಎರಡು ಸಲ ಮೂಲದಲ್ಲಿ, ಒಂದು ಸಲ ಅರಾಮಿಕ್ ಅನುವಾದದಲ್ಲಿ ಓದಿಕೊಳ್ಳಬೇಕೆಂಬ ನಿಯಮವೂ ಇದೆ. ಅರಾಮಿಕ್ ಬಾರದವರು ಅದರ ಬದಲು ರಾಶಿಯ ವ್ಯಾಖ್ಯಾನ ಓದುತ್ತಾರೆ. ರಾಶಿ 1040ರಿಂದ 1105ರವರೆಗೆ ಬದುಕಿದ್ದ, ಫ್ರಾನ್ಸಿನ ತ್ರೂವಾ ಎಂಬ ಊರಿನ ಪಂಡಿತ. ಇಂದಿಗೂ ಯೆಹೂದಿ ಮಕ್ಕಳು ತೋರಾ ಕಲಿಯುವುದು ಅವನ ಟಿಪ್ಪಣಿಯ ಜೊತೆಗೆ. ಅವನ ವಿಧಾನ ಬಹಳ ಸರಳ. ವಾಕ್ಯದಲ್ಲಿ ಏನೋ ಎಡವುತ್ತಿದೆ, ಒಂದು ಮಾತು ಹೆಚ್ಚಾಗಿದೆ, ಒಂದು ವಿಷಯ ಇರಬಾರದ ಜಾಗದಲ್ಲಿದೆ ಅನ್ನಿಸಿದರೆ ಅಲ್ಲಿ ನಿಲ್ಲು, ಯಾಕೆ ಎಂದು ಕೇಳು.

ಈ ಕೇಳುವ ಕಲೆಯನ್ನು 20ನೇ ಶತಮಾನದಲ್ಲಿ ಸಾವಿರಾರು ಮನೆಗಳಿಗೆ ಮುಟ್ಟಿಸಿದವರು ಜೆರುಸಲೇಮಿನ ಶಿಕ್ಷಕಿ ನೆಹಾಮಾ ಲೈಬೋವಿಟ್ಸ್. 1942ರಿಂದ ಅವರು ಆಯಾ ವಾರದ ಪರಾಶಾದ ಮೇಲೆ ಪ್ರಶ್ನೆಗಳ ಹಾಳೆ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಹಾಳೆಯಲ್ಲಿ ಉತ್ತರ ಇರುತ್ತಿರಲಿಲ್ಲ. ಓದುಗರು ಉತ್ತರ ಬರೆದು ಕಳಿಸಿದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರು. ದಶಕಗಳ ಕಾಲ ನಡೆದ ಕೆಲಸ ಅದು. 1997ರಲ್ಲಿ ತೀರಿಕೊಂಡ ಅವರ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆ ಅವರ ಇಚ್ಛೆಯಂತೆ ಇರುವ ಬಿರುದು ಒಂದೇ: ಶಿಕ್ಷಕಿ.

ಇಷ್ಟೆಲ್ಲ ವ್ಯವಸ್ಥೆಯ ಮುಖ್ಯ ಪರಿಣಾಮ ನನಗೆ ಕಾಣುವುದು ಇದು: ಏನು ಓದಬೇಕು ಎಂಬ ಆಯ್ಕೆ ಓದುವವನ ಕೈಯಲ್ಲಿಲ್ಲ. ಇಷ್ಟವಾದ ಪುಟ ತೆಗೆದು ಸಮಾಧಾನ ಪಡೆಯುವ ಓದಿಗೆ ಇದು ಒಗ್ಗುವುದಿಲ್ಲ. ಅಬ್ರಹಾಮನ ಕತೆ ಬಂದಂತೆ ಚರ್ಮರೋಗದ ನಿಯಮಗಳೂ ಬರುತ್ತವೆ, ಗುಡಾರದ ಪರದೆಯ ಅಳತೆಯೂ ಬರುತ್ತದೆ. ನೀನು ಜಗಳವಾಡಿಕೊಂಡು ಬಂದ ವಾರವೇ ವೈರಿಯ ಕತ್ತೆ ಎದುರಾಗಬಹುದು. ಹೋದ ವರ್ಷ ಕತ್ತೆಯ ಯಜಮಾನ ಬೇರೆ ಯಾರೋ ಆಗಿದ್ದ. ಈ ವರ್ಷ ಅದು ನಿನ್ನ ಅಣ್ಣನೇ ಇರಬಹುದು.

ಗೋಡೆ, ಗುಡಾರ, ಮಾವ

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಮನೆ ಕಟ್ಟುವವನಿಗೆ ಒಂದು ಮಾತಿದೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಕಟ್ಟೆ ಕಟ್ಟು. ಇಲ್ಲದಿದ್ದರೆ ಯಾರಾದರೂ ಅಲ್ಲಿಂದ ಬಿದ್ದರೆ ಆ ರಕ್ತ ನಿನ್ನ ಮನೆಯ ಮೇಲೆ. ನಾವು ಪ್ಯಾರಾಪೆಟ್ ಗೋಡೆ ಎನ್ನುತ್ತೇವಲ್ಲ, ಅದೇ. ಅದರ ಎತ್ತರ ಕನಿಷ್ಠ ಹತ್ತು ಹಿಡಿಯಷ್ಟಿರಬೇಕು ಎಂದು ಪಂಡಿತರು ಅಳತೆಯನ್ನೂ ಗೊತ್ತುಮಾಡಿದರು.

ಟಾಲ್ಮುಡ್‌ನಲ್ಲಿ ರಬ್ಬಿ (ಧರ್ಮಗುರು) ನಾತಾನ್ ಈ ಒಂದು ವಾಕ್ಯವನ್ನು ಹಿಡಿದು ಮುಂದೆ ಹೋಗುತ್ತಾರೆ. ಕಚ್ಚುವ ನಾಯಿಯನ್ನು ಮನೆಯಲ್ಲಿ ಸಾಕಬಾರದು, ಅಲುಗಾಡುವ ಏಣಿಯನ್ನು ಮನೆಯಲ್ಲಿ ಇಡಬಾರದು. ಎರಡಕ್ಕೂ ಆಧಾರ ಈ ಕಟ್ಟೆಯ ಆಜ್ಞೆ. 12ನೇ ಶತಮಾನದ ಧರ್ಮಪಂಡಿತ ಮೈಮೊನಿಡೀಸ್ ಇದನ್ನು ಪ್ರಾಣಕ್ಕೆ ಅಪಾಯ ತರುವ ಎಲ್ಲದಕ್ಕೂ ವಿಸ್ತರಿಸಿದರು. ಅಂಗಳದಲ್ಲಿ ಬಾವಿಯಿದ್ದರೆ ಕಟ್ಟೆ ಕಟ್ಟಬೇಕು ಅಥವಾ ಮುಚ್ಚಳ ಹಾಕಬೇಕು. ಗುಂಡಿ ತೋಡಿ ಮುಚ್ಚದೆ ಬಿಟ್ಟವನು ನಷ್ಟ ಕಟ್ಟಿಕೊಡಬೇಕೆಂದು ಕತ್ತೆಯ ಮಾತಿರುವ ಪರಾಶಾವೇ ಹೇಳುತ್ತದೆ. ನೀರು ಬಾರದ ಕೊಳವೆಬಾವಿಯನ್ನು ಹಾಗೇ ಬಿಟ್ಟು, ಅದಕ್ಕೆ ಮಗು ಬಿದ್ದು, ಊರಿಗೆ ಊರೇ ನಿದ್ದೆಗೆಟ್ಟ ಸುದ್ದಿಯನ್ನು ನಮ್ಮ ರಾಜ್ಯದಲ್ಲಿ ಎಷ್ಟು ಸಲ ಓದಿಲ್ಲ! ಈ ವಾಕ್ಯಗಳು ನನಗೆ ಹಳೆಯವು ಅನ್ನಿಸುವುದೇ ಇಲ್ಲ.

ಇಲ್ಲಿ ರಾಶಿಯ ಒಂದು ಟಿಪ್ಪಣಿ ಬಹಳ ಆಳವಾದದ್ದು. ಬೀಳುವವನನ್ನು ಮೂಲ ವಾಕ್ಯ ಆಗಲೇ "ಬೀಳಲಿರುವವನು" ಎಂಬ ಧಾಟಿಯಲ್ಲಿ ಕರೆದಿದೆ. ಹಾಗಾದರೆ ಅವನ ಹಣೆಯಲ್ಲಿ ಬೀಳುವುದು ಬರೆದಿತ್ತು ಎಂದಾಯಿತಲ್ಲ, ಕಟ್ಟೆ ಕಟ್ಟಿ ಏನು ಪ್ರಯೋಜನ? ರಾಶಿ ಹೇಳುವುದಿಷ್ಟು: ಅವನು ಬೀಳಬೇಕಾದವನೇ ಇರಬಹುದು, ಆದರೂ ಅವನ ಸಾವು ನಿನ್ನ ಕೈಯಿಂದ ಆಗದಿರಲಿ. ಹಣೆಬರಹ ನಂಬುವುದಾದರೆ ನಂಬು, ಅದು ನಿನ್ನ ಹೊಣೆಗೇಡಿತನಕ್ಕೆ ನೆಪವಾಗಬಾರದು. ವಿಧಿ ಮತ್ತು ಹೊಣೆಯ ನಡುವಿನ ದೊಡ್ಡ ತತ್ವಚರ್ಚೆ ಇಲ್ಲಿ ಒಂದು ಸೊಂಟದೆತ್ತರದ ಗೋಡೆಯ ಬಳಿ ಬಂದು ನಿಂತಿದೆ.

ಇನ್ನು ಗುಡಾರದ ವಿಷಯ. ವಿಮೋಚನಕಾಂಡದ ಕೊನೆಯ ಪರಾಶಾಗಳಲ್ಲಿ ದೇವದರ್ಶನದ ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆ ಪುಟಗಟ್ಟಲೆ ಬರುತ್ತದೆ. ಹೊಸದಾಗಿ ಓದುವವರು ಕೈಬಿಡುವುದು ಇಲ್ಲೇ. ಆದರೆ ರಬ್ಬಿಗಳಿಗೆ ಇದೇ ಗಣಿ. ಈ ಅಳತೆಗಳ ನಡುವೆ, ಕೆಲಸ ಶುರುವಾಗುವ ಮುನ್ನ, ಸಬ್ಬತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಕೆಲಸ ಮಾಡಬಾರದು ಎಂಬ ಮಾತು ಥಟ್ಟನೆ ನುಗ್ಗುತ್ತದೆ. ಯಾಕೆ ಇಲ್ಲಿ? ದೇವರ ಮನೆಯನ್ನೇ ಕಟ್ಟುತ್ತಿದ್ದರೂ, ಎಷ್ಟೇ ಉತ್ಸಾಹವಿದ್ದರೂ, ಶನಿವಾರ ಬಂತೆಂದರೆ ಕೆಲಸ ನಿಲ್ಲಬೇಕು ಎಂಬುದಕ್ಕೆ. ಸಬ್ಬತ್‌ನಲ್ಲಿ ನಿಷಿದ್ಧವಾದ 39 ಬಗೆಯ ಕೆಲಸಗಳ ಪಟ್ಟಿ ಹುಟ್ಟಿದ್ದೂ ಈ ಗುಡಾರಕ್ಕೆ ಬೇಕಾಗಿದ್ದ ಕೆಲಸಗಳಿಂದಲೇ: ಉಳುವುದು, ನೇಯುವುದು, ಹೊಲಿಯುವುದು, ಬರೆಯುವುದು, ಬೆಂಕಿ ಹೊತ್ತಿಸುವುದು. ನನ್ನ ಕೆಲಸ ಪವಿತ್ರವಾದದ್ದು, ನಾನಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವ ಯಾರಿಗೂ ಈ ನಿಯಮ ರಿಯಾಯಿತಿ ಕೊಡುವುದಿಲ್ಲ. ಹತ್ತು ಆಜ್ಞೆಗಳಲ್ಲಿ ಬರುವ ಸಬ್ಬತ್‌ನ ಮಾತಿನಲ್ಲಿ ಆಳು, ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ, ಎಲ್ಲರಿಗೂ ಬಿಡುವು ಸಿಗಬೇಕೆಂದು ಹೆಸರಿಟ್ಟು ಹೇಳಿದೆ. "ನಿನ್ನ ಹಾಗೆಯೇ ಅವರೂ ವಿಶ್ರಮಿಸಲಿ."

ಒಂದು ಪಾಠ ಇಂಥ ಕೆಲಸವಾಗಿ ಬೇರೂರಿದಾಗ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದ ಕೊಂಕಣ ತೀರದಲ್ಲೇ ಇದೆ. ಅಲ್ಲಿನ ಬೆನೆ ಇಸ್ರಾಯೇಲ್ ಯೆಹೂದಿಗಳು ಜಗತ್ತಿನ ಬೇರೆ ಯೆಹೂದಿಗಳ ಸಂಪರ್ಕ ತಪ್ಪಿ ಶತಮಾನಗಳ ಕಾಲ ಬದುಕಿದರು. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅದಕ್ಕೆ ಸುತ್ತಲಿನ ಜನ ಅವರನ್ನು "ಶನಿವಾರ ತೇಲಿ", ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಪಂಡಿತರ ಸಂಪರ್ಕವಿಲ್ಲ, ದೊಡ್ಡ ವ್ಯಾಖ್ಯಾನಗಳಿಲ್ಲ. ಆದರೂ ಆ ಒಂದು ದಿನದ ಬಿಡುವು ಕೈತಪ್ಪಲಿಲ್ಲ.

ಇತ್ರೋನ ಪ್ರಸಂಗವನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಅದು ಓದಿದ ಕೂಡಲೇ ತಿಳಿಯುವಂಥದ್ದು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿರುವುದನ್ನು ಅವನ ಹೆಣ್ಣುಕೊಟ್ಟ ಮಾವ ಇತ್ರೋ ನೋಡುತ್ತಾನೆ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ ಎನ್ನುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಜನಕ್ಕೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು, ದೊಡ್ಡ ವಿಷಯ ಮಾತ್ರ ನಿನ್ನ ಬಳಿ ಬರಲಿ ಎಂದು ದಾರಿ ತೋರಿಸುತ್ತಾನೆ. ಮೋಶೆ ಒಪ್ಪುತ್ತಾನೆ. ಇತ್ರೋ ಮಿದ್ಯಾನಿನ ಪುರೋಹಿತ, ಬೇರೆ ಜನಾಂಗದವನು. ಹತ್ತು ಆಜ್ಞೆಗಳು ಬರುವ ಪರಾಶಾಕ್ಕೆ ಇರುವುದು ಅವನದೇ ಹೆಸರು.

ಕ್ಷಮೆಗೆ ಇರುವ ಕ್ರಮ

ಆದಿಕಾಂಡದ ಕೊನೆಯಲ್ಲಿ ಯೋಸೇಫನ ಕತೆ ಹಲವು ವಾರ ಹರಿಯುತ್ತದೆ. ಅಣ್ಣಂದಿರು ಅವನನ್ನು ಗುಂಡಿಗೆ ಹಾಕುತ್ತಾರೆ. ಮಾರಿಬಿಡೋಣ ಎಂದು ಸಲಹೆ ಕೊಡುವವನು ಯೆಹೂದ. ವರ್ಷಗಳ ನಂತರ ಯೋಸೇಫ ಈಜಿಪ್ಟಿನ ಅಧಿಕಾರಿಯಾಗಿದ್ದಾನೆ, ಅಣ್ಣಂದಿರಿಗೆ ಅವನ ಗುರುತಿಲ್ಲ. ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಪಾತ್ರೆ ಇಡಿಸಿ, ಇವನನ್ನು ಗುಲಾಮನಾಗಿ ಬಿಟ್ಟು ನೀವೆಲ್ಲ ಹೋಗಿ ಎನ್ನುತ್ತಾನೆ. ಅಪ್ಪನ ಮುದ್ದಿನ ಇನ್ನೊಬ್ಬ ಮಗ, ಅವನನ್ನು ಬಿಟ್ಟು ಹೋಗುವ ಸುಲಭದ ದಾರಿ, ಹಳೆಯದೇ ಸನ್ನಿವೇಶ. ಆಗ ಯೆಹೂದ ಮುಂದೆ ಬಂದು, ಹುಡುಗನ ಬದಲು ನಾನು ಗುಲಾಮನಾಗುತ್ತೇನೆ ಎನ್ನುತ್ತಾನೆ. ಯೋಸೇಫ ಅಳು ತಡೆಯಲಾರದೆ ತನ್ನ ಗುರುತು ಹೇಳುವುದು ಇದಾದ ಮೇಲೆಯೇ.

ಮೈಮೊನಿಡೀಸ್ ಪಶ್ಚಾತ್ತಾಪದ ನಿಯಮಗಳಲ್ಲಿ ಪೂರ್ಣ ಪಶ್ಚಾತ್ತಾಪ ಎಂದರೇನು ಎಂದು ಹೇಳುತ್ತಾರೆ. ಹಿಂದೆ ತಪ್ಪು ಮಾಡಿದಂಥದೇ ಸಂದರ್ಭ ಮತ್ತೆ ಬರಬೇಕು, ಮಾಡುವ ಶಕ್ತಿಯೂ ಇರಬೇಕು, ಆದರೂ ಮಾಡದೆ ಇರಬೇಕು. ಯೆಹೂದನಿಗೆ ಆದದ್ದು ಇದೇ. ಕಣ್ಣೀರು, ವ್ರತ, ಬೇಸರ ಇವೆಲ್ಲ ಅದಕ್ಕೆ ದಾರಿಯಷ್ಟೆ.

ಈ ನಿಯಮಗಳು ಊರೆಲ್ಲ ಒಟ್ಟಿಗೆ ಅನುಭವಕ್ಕೆ ಬರುವುದು ಯೋಮ್ ಕಿಪ್ಪುರ್ ದಿನ, ಯೆಹೂದಿ ಹೊಸವರ್ಷದ ಹತ್ತನೆಯ ದಿನ. ಸುಮಾರು 25 ಗಂಟೆ ಅನ್ನ ನೀರಿಲ್ಲದ ಉಪವಾಸ. ಎಲ್ಲ ಪಾಪವೂ ಅಂದು ತೊಳೆದುಹೋಗುತ್ತದೆ ಎಂದು ಹೊರಗಿನವರು ತಿಳಿಯಬಹುದು. ಮಿಶ್ನಾ ಹಾಗೆ ಹೇಳುವುದಿಲ್ಲ. ಮನುಷ್ಯ ಮತ್ತು ದೇವರ ನಡುವಿನ ತಪ್ಪಿಗೆ ಯೋಮ್ ಕಿಪ್ಪುರ್ ಪರಿಹಾರ ಕೊಡುತ್ತದೆ. ಮನುಷ್ಯ ಮನುಷ್ಯರ ನಡುವಿನ ತಪ್ಪಿಗೆ, ನೊಂದವನನ್ನು ಸಮಾಧಾನ ಮಾಡುವವರೆಗೆ ಆ ದಿನವೂ ಪರಿಹಾರ ಕೊಡದು. ಹಾಗಾಗಿ ಹಬ್ಬದ ಹಿಂದಿನ ದಿನಗಳಲ್ಲಿ ಜನ ಒಬ್ಬರ ಮನೆಗೆ ಒಬ್ಬರು ಹೋಗಿ, ಈಗ ಫೋನ್ ಮಾಡಿ, ಕ್ಷಮೆ ಕೇಳುತ್ತಾರೆ. ದುಡ್ಡಿನ ತಪ್ಪಾಗಿದ್ದರೆ ಮೊದಲು ದುಡ್ಡು ವಾಪಸು. ಎದುರಿನವನು ಕ್ಷಮಿಸದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಮತ್ತೆ ಕೇಳಬೇಕು, ಹೀಗೆ ಮೂರು ಸಲ. ಆಮೇಲೂ ಮನಸ್ಸು ಕರಗದಿದ್ದರೆ ತಪ್ಪು ಕ್ಷಮಿಸದವನ ತಲೆಗೆ. ನೊಂದವನು ತೀರಿಹೋಗಿದ್ದರೆ? ಹತ್ತು ಜನರನ್ನು ಕರೆದುಕೊಂಡು ಅವನ ಸಮಾಧಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು. ಕ್ಷಮೆ ಕೇಳುವುದಕ್ಕೆ ಇಷ್ಟು ಖಚಿತವಾದ ಕ್ರಮ ಇರುವುದು ಎಷ್ಟು ದೊಡ್ಡ ಉಪಕಾರ ಎಂಬುದು, ವರ್ಷಗಟ್ಟಲೆ ಮಾತು ಬಿಟ್ಟು ಕೂತ ಅಣ್ಣತಮ್ಮಂದಿರನ್ನು ಕಂಡವರಿಗೆ ಗೊತ್ತು.

ಹಬ್ಬವನ್ನು ಮೈಯಿಂದ ಓದುವುದು

ಯಾಜಕಕಾಂಡದ 23ನೇ ಅಧ್ಯಾಯ ಹಬ್ಬಗಳ ಪಟ್ಟಿ. ಪಸ್ಕ, ಅದಾದ ಏಳು ವಾರಕ್ಕೆ ಶಾವುಓತ್ ಎಂದು ಸಾಗುತ್ತಿರುವಾಗ ನಡುವೆ ಹಬ್ಬಕ್ಕೆ ಸಂಬಂಧವೇ ಇಲ್ಲದಂಥ ಮಾತು ಬರುತ್ತದೆ: ಬೆಳೆ ಕೊಯ್ಯುವಾಗ ಹೊಲದ ಅಂಚಿನ ಪೈರು ಕೊಯ್ಯಬೇಡ, ಬಿದ್ದ ತೆನೆ ಆಯಬೇಡ, ಅದು ಬಡವನಿಗೆ ಮತ್ತು ಪರದೇಶಿಗೆ. ಅಲ್ಲಿ ನಿಂತು ಯಾಕೆ ಎಂದು ಕೇಳುವವನು ಮತ್ತೆ ರಾಶಿಯೇ. ಬಡವರ ಪಾಲನ್ನು ಸರಿಯಾಗಿ ಬಿಟ್ಟವನು ದೇವಾಲಯ ಕಟ್ಟಿ ಅಲ್ಲಿ ಬಲಿ ಅರ್ಪಿಸಿದವನಿಗೆ ಸಮ ಎಂಬುದು ಅವನು ಕೊಡುವ ಉತ್ತರ. ಶಾವುಓತ್‌ನಲ್ಲಿ ರೂತಳ ಪುಸ್ತಕ ಓದುತ್ತಾರೆ. ಗಂಡನನ್ನು ಕಳೆದುಕೊಂಡ ಮೋವಾಬಿನ ಹೆಣ್ಣು, ಅತ್ತೆಯನ್ನು ಬಿಡದೆ ಪರದೇಶಕ್ಕೆ ಬಂದು, ಹೀಗೆ ಬಿಟ್ಟ ತೆನೆಗಳನ್ನು ಆಯ್ದು ಇಬ್ಬರ ಹೊಟ್ಟೆ ಹೊರೆಯುತ್ತಾಳೆ. ಈ ತೆನೆ ಯಾರಿಗೆ ಸಿಗಬೇಕೆಂದು ಹೊಲದ ಯಜಮಾನ ಆರಿಸುವಂತಿಲ್ಲ, ಬಂದವರು ಆಯ್ದುಕೊಳ್ಳುತ್ತಾರೆ. ದಾನಿಗೆ ಕೈಮುಗಿದು ನಿಲ್ಲುವ ಪ್ರಮೇಯವೇ ಇಲ್ಲ.

ಸುಕ್ಕೋತ್ ಬರುವುದು ಸುಗ್ಗಿ ಮುಗಿದು ಕಣಜ ತುಂಬಿದಾಗ. ಆಗ ಏಳು ದಿನ ಮನೆ ಬಿಟ್ಟು ಚಪ್ಪರದಲ್ಲಿ ಉಣ್ಣಬೇಕು, ಸಾಧ್ಯವಾದರೆ ಅಲ್ಲೇ ಮಲಗಬೇಕು. ಚಪ್ಪರದ ಮೇಲೆ ಸೊಪ್ಪು, ರೆಂಬೆ, ಗರಿ ಮಾತ್ರ ಹೊದಿಸಬಹುದು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ರಾತ್ರಿ ಸಂದಿನಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಮನೆ ತುಂಬಿರುವಾಗಲೇ ಯಾಕೆ ಹೊರಗೆ ಕೂರಿಸುತ್ತಾರೆ ಎಂದರೆ, ಈ ಸಂಪತ್ತೆಲ್ಲ ನನ್ನ ತೋಳಬಲದಿಂದ ಬಂತು ಎಂಬ ಭಾವ ಹುಟ್ಟುವುದು ಆಗಲೇ ಎಂದು ರಾಶಿಯ ಮೊಮ್ಮಗ ರಶ್ಬಾಮ್ ವಿವರಿಸುತ್ತಾನೆ. ಹಬ್ಬದ ಊಟದ ಬಗ್ಗೆ ಮೈಮೊನಿಡೀಸ್ ಬರೆದ ಮಾತು ಕಟುವಾಗಿದೆ, ಸತ್ಯವಾಗಿದೆ: ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಮಾತ್ರ ಉಂಡು, ಬಡವರಿಗೆ ಕೊಡದವನದು ಹಬ್ಬದ ಸಂತೋಷವಲ್ಲ, ಹೊಟ್ಟೆಯ ಸಂತೋಷ. ಪೂರಿಮ್ ಹಬ್ಬಕ್ಕೂ ಅವರು ಇದೇ ಅಳತೆ ಹಾಕುತ್ತಾರೆ. ಭರ್ಜರಿ ಔತಣಕ್ಕಿಂತ ಬಡವರಿಗೆ ಕೊಡುವುದನ್ನು ಹೆಚ್ಚು ಮಾಡು.

ಪಸ್ಕದ ರಾತ್ರಿಯ ಊಟ ಪೂರ್ತಿ ಪ್ರಶ್ನೆಗಳ ಮೇಲೆ ನಿಂತಿದೆ. ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಭಿನ್ನ ಎಂದು ಮನೆಯ ಚಿಕ್ಕ ಮಗು ಕೇಳಬೇಕು. ಮಗು ಇಲ್ಲದಿದ್ದರೆ ಹೆಂಡತಿ ಕೇಳಬೇಕು, ಒಬ್ಬನೇ ಇದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಎಲ್ಲ ತಿಳಿದ ಇಬ್ಬರು ಪಂಡಿತರು ಕೂತಿದ್ದರೂ ಒಬ್ಬರನ್ನೊಬ್ಬರು ಕೇಳಬೇಕು. ಉತ್ತರವಾಗಿ ಗುಲಾಮಗಿರಿಯ ಕತೆ, ನಾಲಿಗೆಗೆ ಕಹಿ ಸೊಪ್ಪು, ಹುಳಿ ಬರಿಸದ ರೊಟ್ಟಿ. ಪ್ರತಿ ತಲೆಮಾರಿನವನೂ ತಾನೇ ಈಜಿಪ್ಟಿನಿಂದ ಹೊರಟು ಬಂದಂತೆ ಭಾವಿಸಬೇಕು ಎಂದು ಅಂದು ಓದುತ್ತಾರೆ. ಈಜಿಪ್ಟಿನವರ ಮೇಲೆ ಬಂದ ಹತ್ತು ಬಾಧೆಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬಟ್ಟಲಿನಿಂದ ದ್ರಾಕ್ಷಾರಸದ ಒಂದೊಂದು ಹನಿ ತೆಗೆಯುತ್ತಾರೆ. ಶತ್ರುವಿನ ನೋವಿನ ಮುಂದೆ ನಮ್ಮ ಬಟ್ಟಲು ತುಂಬಿರಬಾರದು ಎಂದು ಅದಕ್ಕೆ ಅರ್ಥ ಹೇಳುವವರು ಬಹಳ ಮಂದಿ. ಈ ನೆನಪು ನೇರವಾಗಿ ನಿಯಮವಾಗಿ ತಿರುಗುತ್ತದೆ: ಪರದೇಶಿಯನ್ನು ಹಿಂಸಿಸಬೇಡ, ಅವನ ಮನಸ್ಸು ನಿನಗೆ ಗೊತ್ತು, ನೀನೂ ಈಜಿಪ್ಟಿನಲ್ಲಿ ಪರದೇಶಿಯಾಗಿದ್ದೆ. ಇಂಥ ಎಚ್ಚರಿಕೆ ತೋರಾದಲ್ಲಿ 36 ಕಡೆ ಇದೆ, 46 ಎನ್ನುವವರೂ ಇದ್ದಾರೆ ಎಂದು ಟಾಲ್ಮುಡ್ ಲೆಕ್ಕ ಕೊಡುತ್ತದೆ.

ದೇವಾಲಯದಲ್ಲಿ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡದ ನೆನಪಿನ ಹಬ್ಬ ಹನುಕ್ಕಾ. ಅದರ ಎಂಟು ರಾತ್ರಿಗಳ ದೀಪ ಹಚ್ಚುವುದರಲ್ಲೂ ವಾದವಿತ್ತು. ಮೊದಲ ದಿನ ಎಂಟು ಹಚ್ಚಿ ದಿನಕ್ಕೊಂದು ಕಡಿಮೆ ಮಾಡಿ ಎಂದರು ಶಮ್ಮಾಯಿ ಎಂಬ ಪ್ರಾಚೀನ ಗುರುವಿನ ಶಿಷ್ಯರು. ಒಂದರಿಂದ ಶುರುಮಾಡಿ ಏರಿಸುತ್ತಾ ಹೋಗಿ ಎಂದರು ಅವನ ಸಮಕಾಲೀನ ಗುರು ಹಿಲ್ಲೇಲ್‌ನ ಶಿಷ್ಯರು, ಯಾಕೆಂದರೆ ಪವಿತ್ರವಾದದ್ದರಲ್ಲಿ ಏರಬೇಕೇ ಹೊರತು ಇಳಿಯಬಾರದು. ನಡೆದುಬಂದದ್ದು ಹಿಲ್ಲೇಲ್ ದಾರಿ. ಆದರೆ ಹನುಕ್ಕಾದ ನಿಯಮಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಬೇರೊಂದು. ಬಡವನ ಬಳಿ ಒಂದೇ ದೀಪಕ್ಕೆ ಸಾಲುವಷ್ಟು ಎಣ್ಣೆಯ ದುಡ್ಡಿದೆ. ಅದು ಹಬ್ಬದ ದೀಪಕ್ಕೋ, ಸಬ್ಬತ್ ರಾತ್ರಿ ಮನೆಯೊಳಗೆ ಬೆಳಕು ಕೊಡುವ ದೀಪಕ್ಕೋ? ಮನೆಯ ದೀಪಕ್ಕೆ ಎಂದು ತೀರ್ಮಾನ. ಕತ್ತಲಲ್ಲಿ ಮನೆಯವರು ಎಡವುತ್ತಾ, ಸಿಡುಕುತ್ತಾ ಕೂರಬಾರದು. ಮನೆಯ ನೆಮ್ಮದಿ ಪವಾಡದ ಸ್ಮರಣೆಗಿಂತ ಮೊದಲು.

ಒಗ್ಗದ ಪುಟಗಳು

ಇಷ್ಟನ್ನೇ ಹೇಳಿ ಬಿಟ್ಟರೆ ತಪ್ಪು ಚಿತ್ರ ಕೊಟ್ಟಂತಾಗುತ್ತದೆ. ತೋರಾದಲ್ಲಿ ಮನಸ್ಸಿಗೆ ಒಗ್ಗದ ಪುಟಗಳೂ ಇವೆ, ಅವೂ ಸರದಿಯಲ್ಲಿ ಬರುತ್ತವೆ. ತಾರಸಿಯ ಕಟ್ಟೆಯ ಮಾತಿಗೆ ಸ್ವಲ್ಪ ಮೊದಲೇ, ಅಪ್ಪ ಅಮ್ಮನ ಮಾತು ಕೇಳದ ಮೊಂಡ ಮಗನನ್ನು ಊರವರು ಕಲ್ಲೆಸೆದು ಕೊಲ್ಲಬೇಕೆಂಬ ನಿಯಮವಿದೆ. ರಬ್ಬಿಗಳು ಇದಕ್ಕೆ ಷರತ್ತಿನ ಮೇಲೆ ಷರತ್ತು ಹಾಕಿ, ಯಾರಿಗೂ ಅನ್ವಯಿಸಲಾಗದ ಹಾಗೆ ಮಾಡಿದರು. ಇಂಥ ಮಗ ಎಂದೂ ಇರಲಿಲ್ಲ, ಎಂದೂ ಇರುವುದಿಲ್ಲ ಎಂಬ ಮಾತು ಟಾಲ್ಮುಡ್‌ನಲ್ಲಿದೆ. ಹಾಗಾದರೆ ಬರೆದದ್ದು ಯಾಕೆ? ಅದನ್ನು ಅಭ್ಯಾಸ ಮಾಡಿ ಫಲ ಪಡೆಯಲಿ ಎಂದು. ಅದರ ಪಕ್ಕದಲ್ಲೇ ರಬ್ಬಿ ಯೋನಾತಾನ್ ಹೇಳುತ್ತಾರೆ, ನಾನು ಅಂಥವನನ್ನು ನೋಡಿದ್ದೇನೆ, ಅವನ ಸಮಾಧಿಯ ಮೇಲೆ ಕೂತಿದ್ದೇನೆ. ಎರಡು ಮಾತನ್ನೂ ಟಾಲ್ಮುಡ್ ಅಳಿಸದೆ ಉಳಿಸಿಕೊಂಡಿದೆ. ಮಗನನ್ನು ಬಲಿಕೊಡಲು ಹೊರಟ ಅಬ್ರಹಾಮನ ಅಧ್ಯಾಯವನ್ನು ಹೊಸವರ್ಷದ ಎರಡನೆಯ ದಿನವೂ ಓದುತ್ತಾರೆ, ಅದರ ಬಗ್ಗೆ ಎರಡು ಸಾವಿರ ವರ್ಷದಿಂದ ಒಮ್ಮತವಿಲ್ಲ.

ಆಜ್ಞೆ ಮೀರಿದರೆ ಬರುವ ಶಾಪಗಳ ದೀರ್ಘ ಪಟ್ಟಿ ಎರಡು ಕಡೆ ಬರುತ್ತದೆ, ಯಾಜಕಕಾಂಡದ ಕೊನೆಯಲ್ಲಿ ಒಮ್ಮೆ, ಧರ್ಮೋಪದೇಶಕಾಂಡದಲ್ಲಿ ಇನ್ನೊಮ್ಮೆ. ಬರ, ರೋಗ, ಸೋಲು, ಹಸಿವಿನಲ್ಲಿ ಮಕ್ಕಳನ್ನೇ ತಿನ್ನುವ ಸ್ಥಿತಿ. ಇದನ್ನು ಬಿಟ್ಟು ಮುಂದೆ ಹೋಗುವ ಪದ್ಧತಿ ಇಲ್ಲ. ಓದುವವನು ದನಿ ತಗ್ಗಿಸಿ ಬೇಗ ಬೇಗ ಓದುತ್ತಾನೆ. ಆ ತುಂಡಿಗೆ ಯಾರನ್ನು ಕರೆಯುವುದು ಎಂಬುದೂ ಸಿನಗಾಗ್‌ಗೆ ಒಂದು ತೊಡಕು; ಶಾಪದ ಓದಿಗೆ ಹೆಸರು ಹಿಡಿದು ಕರೆಸಿಕೊಳ್ಳಲು ಯಾರಿಗೆ ಮನಸ್ಸಿರುತ್ತದೆ? ಹಾಗಾಗಿ ಎಷ್ಟೋ ಕಡೆ ಬೇರೆಯವರನ್ನು ಕರೆಯದೆ, ಅಂದು ಸುರುಳಿ ಓದುತ್ತಿರುವವನೇ ಆ ಸರದಿಯನ್ನೂ ತಾನೇ ತೆಗೆದುಕೊಳ್ಳುತ್ತಾನೆ.